ಬೆಂಕಿಬೆಟ್ಟದ ನೆರೆಹೊರೆ

ಜಾವಾ ದ್ವೀಪದ ಯೋಗ್ಯಕರ್ತ ನಗರದಲ್ಲಿ, ಮೋಡವಿಲ್ಲದ ಮುಂಜಾನೆ ಉತ್ತರಕ್ಕೆ ಮುಖ ಮಾಡಿ ನಿಂತರೆ ಮೆರಾಪಿ ಪರ್ವತದ ದರ್ಶನವಾಗುತ್ತದೆ. ಸುಮಾರು 2,900 ಮೀಟರ್ ಎತ್ತರದ ಆ ಶಿಖರದ ತುದಿಯಲ್ಲಿ ತೆಳ್ಳನೆಯ ಹೊಗೆ. ಯಾರದೋ ಮನೆಯ ಒಲೆ ಆಗತಾನೇ ಹೊತ್ತಿಕೊಂಡಂತೆ. 'ಅಪಿ' ಎಂದರೆ ಅಲ್ಲಿಯ ನುಡಿಯಲ್ಲಿ ಬೆಂಕಿ. ಇಂಡೊನೇಷ್ಯದ ಅತ್ಯಂತ ಉಗ್ರವಾದ ಜ್ವಾಲಾಮುಖಿಗಳಲ್ಲಿ ಇದೂ ಒಂದು.

ಇಂಥ ಬೆಟ್ಟದ ಮಗ್ಗುಲಲ್ಲಿ ಜನರು ಹೇಗೆ ನೆಮ್ಮದಿಯಿಂದ ನಿದ್ರಿಸುತ್ತಾರೆಂದು ಓದುಗರು ಬೆರಗಾಗಬಹುದು. ಆದರೆ ಅಲ್ಲಿಯ ರೈತನಿಗೆ ಮೆರಾಪಿ ಅನ್ನದಾತ. ಅದು ಉಗುಳಿದ ಬೂದಿಯೇ ಕಾಲಕ್ರಮದಲ್ಲಿ ಫಲವತ್ತಾದ ಮಣ್ಣಾಗುತ್ತದೆ. ಇಳಿಜಾರಿನ ಸೊಂಪಾದ ಹುಲ್ಲು ಹಾಲು ಕರೆಯುವ ಹಸುಗಳನ್ನು ಸಾಕುತ್ತದೆ. ಹೊಳೆಗಳಲ್ಲಿ ಕೊಚ್ಚಿ ಬಂದ ಮರಳು ಕೂಡ ಕೂಲಿಗೆ ದಾರಿಯಾಗುತ್ತದೆ. ಮರಣವನ್ನೇ ಹೊತ್ತು ಕೆಳಗುರುಳುವ ಸುಡುಮೋಡವನ್ನು ಅವರು 'ಗುಂಗುರು ಉಣ್ಣೆಯ ಕುರಿ' ಎಂದು ಕರೆಯುತ್ತಾರೆ. ನೂರಾರು ಡಿಗ್ರಿ ಕಾವಿನ ಆ ಮೃತ್ಯುವಿಗೂ ಕೊಟ್ಟಿಗೆಯ ಪ್ರಾಣಿಯ ಹೆಸರು!

ಬೆಟ್ಟಕ್ಕೊಬ್ಬ ಪಾಲಕನೂ ಉಂಟು. ಸುಲ್ತಾನರ ಅರಮನೆಯಿಂದ ವರ್ಷಕ್ಕೊಮ್ಮೆ ಬರುವ ಕಾಣಿಕೆಯನ್ನು ಪರ್ವತಕ್ಕೆ ಒಪ್ಪಿಸುವುದು ಆತನ ಕರ್ತವ್ಯ. ಬಹುಕಾಲ ಆ ಹೊಣೆ ಹೊತ್ತಿದ್ದ ಮರಿಜನ್ ಎಂಬ ವೃದ್ಧರು 2006ರಲ್ಲಿ ಊರು ಬಿಡಲು ಒಪ್ಪಲಿಲ್ಲ. ಆ ಸಲ ಸಮೀಪದ ಕಲಿಅಡೆಮ್‌ನಲ್ಲಿ ನೆಲಮಾಳಿಗೆಯಲ್ಲಿ ಅಡಗಿದ ಇಬ್ಬರು ಸತ್ತರು, ಮರಿಜನ್ ಬದುಕಿದರು. ಅವರ ಮಾತಿನ ಮೇಲೆ ಹಲವರ ನಂಬಿಕೆ ಮತ್ತಷ್ಟು ಬಲವಾಯಿತು. ಉಳಿದುಕೊಂಡವನ ಅದೃಷ್ಟವನ್ನು ಬೆಟ್ಟದ ವಚನವೆಂದು ತಿಳಿಯುವುದು ಎಷ್ಟು ಸುಲಭ!

2010ರ ಅಕ್ಟೋಬರ್ 25ರಂದು ವಿಜ್ಞಾನಿಗಳು ಅತ್ಯುನ್ನತ ಮಟ್ಟದ ಎಚ್ಚರಿಕೆ ಕೊಟ್ಟರು. ಮರಿಜನ್ ಕದಲಲಿಲ್ಲ. ಮರುದಿನ ಸಂಜೆ ಸುಡುಮೋಡ ಅವರ ಕಿನಹ್ರೆಜೊ ಗ್ರಾಮವನ್ನೇ ನುಂಗಿತು, ಅವರೂ ಉಳಿಯಲಿಲ್ಲ. ನವೆಂಬರ್ 5ರ ನಡುರಾತ್ರಿಯ ಸ್ಫೋಟ ಅದಕ್ಕಿಂತ ಭೀಕರ. ಅಪಾಯದ ವಲಯ 20 ಕಿಲೋಮೀಟರಿಗೆ ವಿಸ್ತರಿಸಿತು. ಲಕ್ಷಾಂತರ ಜನ ಮನೆ ತೊರೆದರು. 350ಕ್ಕೂ ಹೆಚ್ಚು ಮಂದಿ ಅಸುನೀಗಿದರು.

ಇದನ್ನೆಲ್ಲ ಕೇವಲ ಮೂಢನಂಬಿಕೆಯೆನ್ನುವುದು ಅನ್ಯಾಯ. ಆಶ್ರಯ ಶಿಬಿರಗಳಿಗೆ ಹೋದವರಲ್ಲಿ ಅನೇಕರು ಹಗಲು ಹೊತ್ತು ಮತ್ತೆ ಬೆಟ್ಟವೇರುತ್ತಿದ್ದರು. ಪೂಜೆಗಲ್ಲ, ಹಸುವಿಗೆ ಮೇವು ಹಾಕಲು! ಬೆಂಕಿ ಬರಬಹುದು, ಬಾರದಿರಬಹುದು. ಹಸುವಿನ ಹಸಿವು ಮಾತ್ರ ಖಂಡಿತ. ಇದನ್ನರಿತೇ ಸರ್ಕಾರ ಜಾನುವಾರುಗಳನ್ನು ತಾನೇ ಕೊಳ್ಳುವುದಾಗಿ ಸಾರಬೇಕಾಯಿತು.

ಇಂದು ಅಲ್ಲಿ ಸುಟ್ಟ ಮನೆಯೊಂದು ವಸ್ತುಸಂಗ್ರಹಾಲಯವಾಗಿದೆ. ಗೋಡೆಯಲ್ಲಿ ಕರಗಿದ ಗಡಿಯಾರ. ಅದರ ಮುಳ್ಳುಗಳು ಆ ನಡುರಾತ್ರಿಯಲ್ಲೇ ನಿಂತಿವೆ. ಪಕ್ಕದಲ್ಲಿ ಹಸುವಿನ ಎಲುಬುಗೂಡು. ಮನೆ ಕಳೆದುಕೊಂಡ ಅನೇಕರು ಈಗ ಕೆಳಗಿನ ಹೊಸ ಬಡಾವಣೆಗಳಲ್ಲಿದ್ದಾರೆ. ಆದರೂ ಬೆಳಗಾದೊಡನೆ ಹುಲ್ಲು ಕೊಯ್ಯಲು ಹಳೆಯ ನೆಲಕ್ಕೆ ಏರುತ್ತಾರೆ. ಸಂಜೆ ಹೊರೆ ಹೊತ್ತು ಇಳಿಯುತ್ತಾರೆ. ಬೆನ್ನ ಹಿಂದೆ ಮೆರಾಪಿ ಮೆಲ್ಲನೆ ಹೊಗೆಯಾಡುತ್ತಿರುತ್ತದೆ.