ನಮ್ಮ ಮಗ್ಗುಲಿನ ರಾಯಚೂರು ಕೋಟೆ

ಪ್ರವಾಸ ಅಂದ ಕೂಡಲೇ ನಮಗೆ ಮೈಸೂರು, ಹಂಪಿ, ವಿಜಯಪುರ ನೆನಪಾಗುತ್ತವೆ. ರಾಯಚೂರು ನೆನಪಾಗುವುದು ದವಾಖಾನೆಗೆ, ಹತ್ತಿ ಮಾರಲಿಕ್ಕೆ, ಇಲ್ಲವೇ ಲಗ್ನದ ಬಟ್ಟೆಗೆ. ಶಕ್ತಿನಗರದಿಂದ ಅದು ಸುಮಾರು 20 ಕಿಲೋಮೀಟರ್ ಅಷ್ಟೆ. ಈ ಸಲ ಗುರುಗಳು ಅಲ್ಲಿಗೇ ಹೋಗೋಣ ಎಂದಾಗ ಹಿಂದಿನ ಬೆಂಚಿನವರು "ಅಲ್ಲೇನೈತಿ ಸರ್ ನೋಡಾಕ?" ಎಂದರು. ಬಂದ ಮೇಲೆ ಅವರದೇ ಮಾತು ಹೆಚ್ಚು!

ನಮ್ಮ ತರಗತಿಯ ಒಂಬತ್ತು ಮಂದಿ ಹತ್ತಿ ಬಿಡಿಸಲು ಹೋಗಿದ್ದರಿಂದ ಬರಲಾಗಲಿಲ್ಲ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕೋಟೆಯ ಒಳಗೋಡೆಯಲ್ಲಿ ಒಂದೇ ಒಂದು ಕಲ್ಲು 41 ಅಡಿಗಿಂತ ಉದ್ದ ಇದೆ. ನಮ್ಮ ಎರಡು ವರ್ಗಕೋಣೆ ಸೇರಿಸಿದರೆ ಅಷ್ಟಾದೀತು. 1294ರಲ್ಲಿ ಕಾಕತೀಯರ ಕಾಲದಲ್ಲಿ ಈ ಕೋಟೆ ಕಟ್ಟಿದ್ದನ್ನು ಅದರ ಮೇಲಿನ ಶಾಸನ ಹೇಳುತ್ತದೆ. ಒಳಗೋಡೆಯ ಕಲ್ಲುಗಳ ನಡುವೆ ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು ಕುಂತಿದೆ. ಆ ಉದ್ದ ಕಲ್ಲನ್ನು ತಂದದ್ದು ಹೇಗೆ ಎಂಬುದನ್ನೂ ಅಲ್ಲೇ ಕೆತ್ತಿದ್ದಾರೆ. ಬಂಡಿಯ ಮೇಲೆ ಕಲ್ಲು, ಮುಂದೆ ಸಾಲಾಗಿ ಕೋಣಗಳು, ಹಿಂದೆ ಗಾಲಿಗೆ ಸನ್ನೆಗೋಲು ಹಾಕಿ ತಳ್ಳುವ ಆಳುಗಳು. ರಾಜರ ಚಿತ್ರ ಎಲ್ಲಾ ಕಡೆ ಇರುತ್ತದೆ, ಆಳುಗಳ ಚಿತ್ರ ನಾನು ನೋಡಿದ್ದು ಇಲ್ಲೇ.

1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಈ ಕೋಟೆಯನ್ನು ಗೆದ್ದ. ಆ ಯುದ್ಧದ ಕಥೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಒಂದು ಮಾತು ಹೇಳಿದ್ದಾನೆ: ಗೋಡೆಯಿಂದ ಕಲ್ಲು ಕಿತ್ತು ತಂದ ಸೈನಿಕರಿಗೆ ಕಲ್ಲಿನ ಗಾತ್ರ ನೋಡಿ ಹಣ ಕೊಡುತ್ತಿದ್ದರಂತೆ. ಗುರುಗಳು ಇದನ್ನು ಹೇಳಿದಾಗ ನನ್ನ ಪಕ್ಕದವಳು, "ನಮ್ಮ ಹತ್ತಿ ಕೂಲಿ ಕಿಲೋ ಲೆಕ್ಕದಾಗ ಇದ್ದಂಗ" ಅಂದಳು. ಎಲ್ಲರೂ ನಕ್ಕರು. ಗುರುಗಳು ಮಾತ್ರ ನಗಲಿಲ್ಲ, ಹೌದು ಎಂದರು.

ಆಮೇಲೆ ಏಕ್ ಮಿನಾರ್ ಮಸೀದಿ ನೋಡಿದೆವು. ಅದು 1513ರದು, ಬಹಮನಿ ಸುಲ್ತಾನ ಮಹಮೂದ್ ಶಾಹನ ಕಾಲದ್ದು. ಹೆಸರಿನಂತೆ ಮಿನಾರು ಒಂದೇ, ಎತ್ತರ 65 ಅಡಿ. ಮಲಿಯಾಬಾದಿನ ಹಾಳು ಕೋಟೆಯಲ್ಲಿ ಎರಡು ಕಲ್ಲಾನೆ ಇವೆ, ನಿಜವಾದ ಆನೆಯಷ್ಟೇ ದೊಡ್ಡವು. ಅಲ್ಲಿ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಆನೆಯ ಹತ್ತಿರ ಕೂರಲು ಜಗಳವೂ ಆಯಿತು, ಅದನ್ನು ಬರೆಯುವುದಿಲ್ಲ.

ಈಗ ನನ್ನ ಅನಿಸಿಕೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸಿನಲ್ಲಿ ನಾವು ಹುಡುಗಿಯರಿಗೆ ಟಿಕೆಟ್ ಇಲ್ಲ. ಆದರೂ ಆ ಒಂಬತ್ತು ಮಂದಿಯಲ್ಲಿ ಆರು ಮಂದಿ ಹುಡುಗಿಯರೇ. ಅವರನ್ನು ತಡೆದದ್ದು ಬಸ್ ಚಾರ್ಜ್ ಅಲ್ಲ, ಒಂದು ದಿನದ ಕೂಲಿ. "ನೀ ಹೋದ್ರ ಸಾಲು ಯಾರು ಬಿಡಸ್ತಾರ?" ಎಂದು ಮನೆಯಲ್ಲಿ ಕೇಳಿದರೆ ಏನು ಹೇಳುವುದು?

ಮುಂದಿನ ಪ್ರವಾಸ ಮಸ್ಕಿಗೆ ಎಂದು ಮಾತು ನಡೆದಿದೆ. ಅಶೋಕ ಎಂಬ ಹೆಸರೇ ಇರುವ ಬಂಡೆ ಶಾಸನ 1915ರಲ್ಲಿ ಸಿಕ್ಕಿದ್ದು ಅಲ್ಲೇ, ನಮ್ಮದೇ ಜಿಲ್ಲೆಯಲ್ಲಿ. ಗುರುಗಳಲ್ಲಿ ವಿನಂತಿ ಏನೆಂದರೆ, ದಿನ ಗೊತ್ತುಮಾಡುವ ಮೊದಲು ಹತ್ತಿ ಹೊಲಕ್ಕೆ ಹೋದವರನ್ನು ಕೇಳಬೇಕು. ಕೊನೆಯ ಬಿಡಿಸುವಿಕೆ ಯಾವಾಗ ಮುಗಿಯುತ್ತದೆ ಎಂಬುದು ಅವರಿಗೇ ಗೊತ್ತು.