ಕೊಳವೆಯೊಳಗೊಂದು ಕಿಟಕಿ

ಏಪ್ರಿಲ್ ಕೊನೆಯ ಬೆಳಗು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ, ಮೆಂಡೋಟ ಸರೋವರದ ಉತ್ತರಕ್ಕೆ ಒಂದು ಡೇರಿಯ ಹಿತ್ತಲು. ಹಿಮ ಕರಗಿದೆ, ನೆಲ ಇನ್ನೂ ಕಾಲಿಗಂಟುತ್ತದೆ. ನಿಮ್ಮೆದುರು ಕಟ್ಟೆಯಷ್ಟಗಲದ ಹೊಂಡ. ಚಳಿಗಾಲವಿಡೀ ಹೋಲ್‌ಸ್ಟೀನ್ ಹಸುಗಳು ಹಾಕಿದ ಸೆಗಣಿ, ಗಂಜಲ, ಕೊಟ್ಟಿಗೆ ತೊಳೆದ ನೀರು ಎಲ್ಲ ಕಲೆತು ರೊಚ್ಚಾಗಿ ನಿಂತಿದೆ. ಮೇಲೆ ಕಂದು ಕೆನೆ.

ಟ್ರ್ಯಾಕ್ಟರಿಗೆ ಸಿಕ್ಕಿಸಿದ ಉದ್ದನೆಯ ಕಬ್ಬಿಣದ ಕಡೆಗೋಲು ಹೊಂಡಕ್ಕಿಳಿಯುತ್ತದೆ. ಕೆನೆ ಒಡೆದದ್ದೇ ತಡ, ಕೊಳೆತ ಮೊಟ್ಟೆಯ ನಾತ. ಗಾಳಿ ಬರುವ ಕಡೆಗೆ ಸರಿದು ನಿಲ್ಲಿ. ಅದು ಹೈಡ್ರೋಜನ್ ಸಲ್ಫೈಡ್. ಹೆಚ್ಚಾದರೆ ಮೊದಲು ಮೂಗಿನ ಅರಿವು ಹೋಗುತ್ತದೆ, ಆಮೇಲೆ ಜೀವ.

ತಳದ ಗಸಿ ಸುರುಳಿ ಸುರುಳಿಯಾಗಿ ಏಳುತ್ತದೆ. ರಂಜಕ ಬಹುಪಾಲು ಈ ಗಸಿಗೇ ಅಂಟಿಕೊಂಡಿದೆ. ಪೊಟ್ಯಾಶ್, ಅಮೋನಿಯಂ ನೀರಿನಲ್ಲಿ ಕರಗಿವೆ. ಎಷ್ಟು ಕಡೆದರೂ ಮೊದಲ ಟ್ಯಾಂಕರಿನದೇ ಒಂದು ಗೊಬ್ಬರ, ಕೊನೆಯದರದೇ ಇನ್ನೊಂದು. ಬಾಟಲಿಯಲ್ಲಿ ತುಂಬಿ ಲ್ಯಾಬಿಗೆ ಕಳಿಸಿದರೆ, 1883ರಲ್ಲಿ ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ ತೋರಿದ ದಾರಿಯಲ್ಲಿ ಗಂಧಕಾಮ್ಲದಲ್ಲಿ ಕುದಿಸಿ ಸಾರಜನಕ ಅಳೆಯುತ್ತಾರೆ. ಕರಾರುವಾಕ್ಕಾದ ಲೆಕ್ಕವೇ. ಆದರೆ ಅದು ಕೈಸೇರುವ ಹೊತ್ತಿಗೆ ಹೊಂಡ ಖಾಲಿ.

ಟ್ಯಾಂಕರಿನ ಬಳಿ ಬನ್ನಿ. ತೊಡೆ ದಪ್ಪದ ಕೊಳವೆ. ಅದರ ಪಕ್ಕೆಗೆ ಕೂರಿಸಿದ ಪೆಟ್ಟಿಗೆ. ಒಳಗೊಂದು ಹ್ಯಾಲೊಜನ್ ದೀಪ, ರೊಚ್ಚಿಗೆ ಮುಖ ಮಾಡಿದ ಪುಟ್ಟ ಕಿಟಕಿ. ಉಜ್ಜುವ ಮರಳಿಗೆ ಜಗ್ಗದಿರಲೆಂದು ಅದಕ್ಕೆ ನೀಲಮಣಿಯ ಗಾಜು. ಅಲ್ಲಿಂದ ಹೊರಡುವ ಅವಕೆಂಪು ಬೆಳಕು ನಿಮ್ಮ ಕಣ್ಣಿಗೆ ಕಾಣದು. 1800ರಲ್ಲಿ ವಿಲಿಯಂ ಹರ್ಷೆಲ್ ಅಶ್ರಗದ ಕೆಂಪಿನಾಚೆ ಉಷ್ಣಮಾಪಕ ಇಟ್ಟು ಕಂಡುಕೊಂಡ ಬೆಳಕು ಅದು. 1450 ನ್ಯಾನೊಮೀಟರ್ ಆಸುಪಾಸಿನಲ್ಲಿ ನೀರು ಅದನ್ನು ಗಟಗಟ ಕುಡಿಯುತ್ತದೆ. ಸಾರಜನಕ-ಜಲಜನಕದ ಬಂಧ, ಇಂಗಾಲ-ಜಲಜನಕದ ಬಂಧ ತಮ್ಮ ತಮ್ಮ ಪಾಲನ್ನು ಬೇರೆ ಕಡೆ ಹೀರುತ್ತವೆ. ಉಳಿದು ಮರಳಿದ ಬೆಳಕೇ ವರದಿ.

ಚಾಲಕಿಯ ಪಕ್ಕದ ಪರದೆಯಲ್ಲಿ ಅಂಕಿಗಳು ಕುಣಿಯುತ್ತಿವೆ: ಘನಾಂಶ, ಸಾರಜನಕ, ಅಮೋನಿಯಂ, ರಂಜಕ, ಪೊಟ್ಯಾಶ್. ಮೂರನೆಯ ಟ್ಯಾಂಕರಿನಲ್ಲಿ ರೊಚ್ಚು ಮಂದವಾಗುತ್ತದೆ, ಅಂಕಿ ಏರುತ್ತದೆ, ಆಕೆ ಟ್ರ್ಯಾಕ್ಟರಿನ ವೇಗ ಹೆಚ್ಚಿಸುತ್ತಾಳೆ. ಎಕರೆಗೆ ಬೀಳುವ ರೊಚ್ಚು ಅಷ್ಟಕ್ಕಷ್ಟು ಕಡಿಮೆ. ಹಿಂದೆ ಕುಳಗಳು ನೆಲ ಸೀಳಿ ಅದನ್ನು ಮಣ್ಣಿನೊಳಗೆ ಇಳಿಸುತ್ತಿವೆ. ಮೇಲೆ ಬಿಟ್ಟರೆ ಅಮೋನಿಯಾ ಗಾಳಿಪಾಲು.

ರಂಜಕದ ಅಂಕಿಯ ಮೇಲೆ ನನ್ನ ಕಣ್ಣು ನೆಟ್ಟಿದೆ. ಹೊಲದ ಅಂಚಿನ ತೊರೆ ಮೆಂಡೋಟಕ್ಕೇ ಹೋಗುತ್ತದೆ. ಅಲ್ಲಿ ಬೇಸಗೆಯಲ್ಲಿ ಪಾಚಿ ಹಸಿರಾಗಿ ಉಕ್ಕುವುದು ಈ ರಂಜಕ ತಿಂದೇ. ಆದರೆ ಅದರ ಖನಿಜರೂಪಕ್ಕೆ ಈ ಬೆಳಕಿನಲ್ಲಿ ಸ್ವಂತ ಗುರುತಿಲ್ಲ. ಪೊಟ್ಯಾಶಿಗೂ ಅಷ್ಟೇ. ಲ್ಯಾಬಿನಲ್ಲಿ ಅಳೆದ ನೂರಾರು ಮಾದರಿಗಳ ಜತೆ ಹೋಲಿಸಿ, ಗಸಿ ಇಷ್ಟಿದ್ದರೆ ರಂಜಕ ಇಷ್ಟಿರಬೇಕೆಂದು ಯಂತ್ರ ಊಹಿಸುತ್ತದೆ. ಮೇವು ಬದಲಾದರೆ, ಕೊಟ್ಟಿಗೆಗೆ ಹಾಸುವ ಮರಳು ಬದಲಾದರೆ ಆ ಊಹೆ ಜಾರಬಹುದು. ಸರೋವರಕ್ಕೆ ಕೆಡುಕಾಗುವ ವಸ್ತುವನ್ನೇ ಬೆಳಕು ನೇರವಾಗಿ ಕಾಣದಿರುವುದು ನನ್ನನ್ನು ಕಾಡುತ್ತದೆ.

ಚಾಲಕಿಗೂ ಇದು ಗೊತ್ತು. ಟ್ಯಾಂಕರ್ ನಿಲ್ಲಿಸಿ ಕೆಳಗಿಳಿದು ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ರೊಚ್ಚು ಹಿಡಿಯುತ್ತಾಳೆ. ಉಬ್ಬಲು ಜಾಗ ಬಿಟ್ಟು ಮುಚ್ಚಳ ಬಿಗಿದು, ದಿನಾಂಕ ಬರೆದು, ಪರದೆಯ ಅಂಕಿಯನ್ನೂ ಪಕ್ಕದಲ್ಲೇ ಗುರುತು ಹಾಕಿ, ಐಸ್ ಪೆಟ್ಟಿಗೆಯಲ್ಲಿಡುತ್ತಾಳೆ. ಲ್ಯಾಬಿಗೆ.