ಜಮಖಾನದ ಕೆಳಗಿನ ಹಾಡು

ನಮ್ಮ ಕಡೆ ಬೀಸುವ ಕಲ್ಲುಗಳು ಮೂಲೆ ಸೇರಿ ಬಹಳ ವರ್ಷಗಳಾದವು. ಗಿರಣಿ ಬಂದ ಮೇಲೆ ತೋಳಿಗೆ ವಿಶ್ರಾಂತಿ ಸಿಕ್ಕಿತು, ಹಾಡು ನಿಂತಿತು. ಇಂಡಿ ಸೀಮೆಯ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಬರೆದುಕೊಂಡ ತ್ರಿಪದಿಗಳು 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವಾದವು. ಪುಸ್ತಕದಲ್ಲಿ ಮಾತು ಉಳಿಯಿತು. ಧಾಟಿಯನ್ನು ಕಾಗದ ಹೇಗೆ ಹಿಡಿದೀತು? ಆ ಧಾಟಿಯ ಆಸೆಗೆ ಬಿದ್ದು, ನಿವೃತ್ತಿಯಾದ ಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಬಸ್ಸು ಹತ್ತಿ ಇಳಿಯುತ್ತ, ಮುದುಕಿಯರ ಮುಂದೆ ರೆಕಾರ್ಡರ್ ಇಟ್ಟು ಕೂರುವುದು ನನ್ನ ಕೆಲಸವಾಯಿತು.

ಹಾಡುಗಳನ್ನು ಕೂಡಿಡಲು ಬೆಂಗಳೂರಿನಲ್ಲಿರುವ ಅಕ್ಕನ ಮಗಳು ಒಂದು ಏರ್ಪಾಟು ಮಾಡಿಕೊಟ್ಟಳು. ಮಾಳಿಗೆಯ ಹಳೆಯ ಕಂಪ್ಯೂಟರಿನಲ್ಲಿ ದೊಡ್ಡ ಡಿಸ್ಕು. ಕೆಳಗೆ ನನ್ನ ಮೇಜಿನ ಮೇಲೆ ಸಣ್ಣ ಯಂತ್ರ. ಎರಡರಲ್ಲೂ ಲಿನಕ್ಸ್. ಮೇಲಿನ ಫೋಲ್ಡರನ್ನು ಕೆಳಗಿನ ಯಂತ್ರ ತನ್ನದೇ ಎಂಬಂತೆ ತೋರಿಸುತ್ತದೆ. ಸನ್ ಮೈಕ್ರೋಸಿಸ್ಟಮ್ಸ್ ಎಂಬ ಅಮೆರಿಕದ ಕಂಪನಿ 1984ರಲ್ಲಿ ರೂಪಿಸಿದ ಎನ್‌ಎಫ್‌ಎಸ್ ಎಂಬ ವಿದ್ಯೆಯಂತೆ ಇದು. ಯುನಿಕ್ಸ್ ವಂಶದ ಯಂತ್ರಗಳಲ್ಲಿ ಸಿ, ಡಿ ಎಂದು ಬೇರೆ ಬೇರೆ ಮನೆಗಳಿಲ್ಲ. ಎಲ್ಲವೂ ಒಂದೇ ಮರದ ಕೊಂಬೆಗಳು. ಹೊರಗಿನ ಫೋಲ್ಡರನ್ನು ತಂದು ಒಂದು ಕೊಂಬೆಗೆ ಕಟ್ಟಬೇಕು. ಅದಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ. ಮೊದಮೊದಲು ದಿನಾ ಬೆಳಿಗ್ಗೆ ನಾನೇ ಆಜ್ಞೆ ಬರೆದು ಕಟ್ಟುತ್ತಿದ್ದೆ. ಆಮೇಲೆ ಅವಳು ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಒಂದು ಸಾಲು ಸೇರಿಸಿದಳು. ಯಂತ್ರ ಎದ್ದೊಡನೆ ಅದೇ ಕಟ್ಟಿಕೊಳ್ಳತೊಡಗಿತು. ರೆಕಾರ್ಡರ್ ಸಿಕ್ಕಿಸಿದರೆ ಹಾಡುಗಳೂ ತಾವಾಗಿ ಹೋಗಿ ಆ ಫೋಲ್ಡರಿನಲ್ಲಿ ಕೂರುತ್ತಿದ್ದವು.

ನಮ್ಮೂರ ಕರೆಂಟಿನ ಸಂಗತಿ ನಿಮಗೆ ಹೇಳಬೇಕೆ? ಹೋಗಿ ಬಂದಾಗ ಎರಡೂ ಯಂತ್ರ ಒಟ್ಟಿಗೆ ಏಳುತ್ತವೆ. ಸಣ್ಣದು ಚುರುಕು, ಮಾಳಿಗೆಯದು ಮುದಿ. ಒಂದು ದಿನ ಕೆಳಗಿನದು ಕರೆದಾಗ ಮೇಲಿನದು ಓಗೊಡಲಿಲ್ಲ. ಆ ಸಾಲಿನಲ್ಲಿ ‘ನೋಫೇಲ್’ ಎಂಬ ಮಾತೊಂದಿತ್ತು: ಸಿಗದಿದ್ದರೆ ಬಿಡು, ನೀನು ಮುಂದೆ ನಡೆ ಎಂದು. ಅದು ನಡೆಯಿತು. ಅದೇ ಬೆಳಿಗ್ಗೆ ಮುದ್ದೇಬಿಹಾಳ ಕಡೆಯ ಒಬ್ಬ ಅಜ್ಜಿಯ ಹನ್ನೊಂದು ಹಾಡುಗಳು ಒಳಗೆ ಹೋದವು. ಎರವಲು ತಂದ ರೆಕಾರ್ಡರು ಮಾಲಕರ ಮನೆಗೆ ಮರಳಿತು. ಮರುದಿನ ಯಂತ್ರ ಹಚ್ಚಿದರೆ ಸಿಂದಗಿಯವು ಇವೆ, ಬಾಗೇವಾಡಿಯವು ಇವೆ, ಆ ಹನ್ನೊಂದು ಇಲ್ಲ. ರೆಕಾರ್ಡರಿನಲ್ಲಿ ಆಗಲೇ ಯಾರದೋ ಮದುವೆಯ ವಾಲಗ ತುಂಬಿತ್ತು.

ಇನ್ನೊಮ್ಮೆ ಹಾಡಿಸೋಣವೆಂದು ಊರಿಗೆ ಫೋನು ಮಾಡಿದೆ. ಅಜ್ಜಿ ತೀರಿಕೊಂಡು ಮೂರು ದಿನವಾಗಿತ್ತು.

ಎರಡು ರಾತ್ರಿ ನಿದ್ದೆ ಇಲ್ಲ. ಕೊನೆಗೆ ಅಕ್ಕನ ಮಗಳಿಗೆ ಹೇಳಿದರೆ ಆ ಹುಡುಗಿ ನಗಬೇಕೆ!

“ಚಿಗವ್ವ, ಎಲ್ಲೂ ಹೋಗಿಲ್ಲ. ನೆಲದ ಮ್ಯಾಲೆ ಇಟ್ಟದ್ದರ ಮ್ಯಾಲೆ ಜಮಖಾನ ಹಾಸಿದ್ರ ಕಾಣಸ್ತದೇನು? ಮೊದಲ ಜಮಖಾನ ತಗಿ.”

ವಿಷಯ ಇಷ್ಟೇ. ಮೌಂಟ್ ಆಗದ ದಿನ ಆ ಫೋಲ್ಡರು ನನ್ನ ಯಂತ್ರದ ಬರಿಯ ನೆಲ. ಹಾಡುಗಳು ಅಲ್ಲೇ ಕೂತವು. ಮರುದಿನ ಮೇಲಿನ ಫೋಲ್ಡರು ಬಂದು ಅವುಗಳ ಮೇಲೆ ಹಾಸಿಕೊಂಡಿತು. ಅವಳು ಹೇಳಿದಂತೆ ‘ಯುಮೌಂಟ್’ ಎಂದು ಬರೆದೆ (ಅನ್‌ಮೌಂಟ್ ಅಲ್ಲ, ಒಂದು ಅಕ್ಷರದಲ್ಲೂ ಜಿಪುಣತನ ಮಾಡುವ ಜನ ಇವರು). ಹನ್ನೊಂದೂ ಇದ್ದವು.

ಆಮೇಲೆ ಅವಳು ಸಾಲನ್ನು ತಿದ್ದಿದಳು. ಈಗ ಯಂತ್ರ ಏಳುವಾಗ ಕಟ್ಟಲು ಹೋಗುವುದಿಲ್ಲ; ಯಾರಾದರೂ ಫೋಲ್ಡರಿನ ಬಾಗಿಲು ತಟ್ಟಿದಾಗ ಮಾತ್ರ ಕಟ್ಟಿಕೊಳ್ಳುತ್ತದೆ. ಅದಕ್ಕೆ ಆಟೋಮೌಂಟ್ ಎಂದು ಹೆಸರು. ಅಷ್ಟು ಹೊತ್ತಿಗೆ ಮುದಿ ಯಂತ್ರವೂ ಮುಖ ತೊಳೆದು ಕೂತಿರುತ್ತದೆ. ಕೆಳಗಿನ ಬರಿಯ ಫೋಲ್ಡರಿಗೆ ‘ಚ್ಯಾಟರ್’ ಎಂಬ ಆಜ್ಞೆಯಿಂದ ಬೀಗವನ್ನೂ ಹಾಕಿದಳು. ಮೌಂಟ್ ಇಲ್ಲದಾಗ ಏನನ್ನಾದರೂ ಇಡಹೋದರೆ ಯಂತ್ರವೇ ಬೈದು ತಿಳಿಸುತ್ತದೆ. ಸುಮ್ಮನೆ ಒಪ್ಪಿಕೊಳ್ಳುವುದಕ್ಕಿಂತ ಬೈಯುವುದೇ ನನಗೆ ಹಿತ.

ಹಾಡುಗಳನ್ನು ಎರಡು ಕಡೆ ನಕಲು ಮಾಡಿ, ಅಜ್ಜಿಯ ಮನೆಗೂ ಕಳಿಸಿದೆ. ಏಳನೆಯದರಲ್ಲಿ ಹಾಡು ನಡುವೆ ನಿಂತು, “ಎಮ್ಮಿಗಿ ನೀರು ಕುಡಿಸಿದ್ಯಾ ಇಲ್ಲಾ?” ಎಂದು ಸೊಸೆಯನ್ನು ಗದರುವ ದನಿ ಇದೆ. ಅದನ್ನು ಕತ್ತರಿಸಿ ತೆಗೆಯಲೇ ಎಂದು ಕೇಳಿದ್ದಕ್ಕೆ ಆ ಸೊಸೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬ್ಯಾಡ್ರಿ ಅಕ್ಕಾರ, ಇರಲಿ” ಅಂದಳು.